ನಲವತ್ತಾರನೇ ಹಲ್ಲು

ಹತ್ತು ರೂಪಾಯಿ ಚೀಟಿ. ಅದರ ಮ್ಯಾಲ ನಾನು:
ಜಟ್ಟೆಪ್ಪ, ಗಂಡಸು, ಐವತ್ತೆರಡು.
ಕಸುಬು ಅನ್ನೋ ಖಾನೆದಾಗ
ಕಿಟಕಿ ಒಳಗಿನ ಹುಡುಗ ಜರಾ ತಡೆದು
'ಕೂಲಿ' ಅಂತ ಬರೆದ.
ಕೂಲಿ ಅಲ್ಲೋ ತಮ್ಮ, ಕೂಗು.
ಆಳಂದ ನಾಕಾದಾಗ ಕ್ರೂಸರ್ ತುಂಬಸ್ತೀನಿ:
ಆಳಂದ ಆಳಂದ ಆಳಂದ, ಕಡಗಂಚಿ,
ಇಬ್ಬರೇ ಇಬ್ಬರು!
ಹತ್ತು ಮಂದಿ ಗಾಡಿದಾಗ ಹದಿನಾರು ಕುಂತ ಮ್ಯಾಲೂ
ಇನ್ನಿಬ್ಬರಿಗೆ ಜಾಗ ಅದ ಅಂತ
ಸುಳ್ಳು ಹೇಳಿ ಉಂಡ ಬಾಯಿ ಇದು.

ಎಂಟು ದಿನ ಆಯ್ತು, ಬಲಗಡಿ ದವಡಿ
ಬಾಜೂ ಮನಿ ಜಗಳದಂಗ
ರಾತ್ರಿ ಶುರುವಾದ್ರ ಬೆಳತನಕ.
ಲವಂಗ ಇಟ್ಟೆ, ಉಪ್ಪು ಇಟ್ಟೆ,
ತಂಬಾಕಿನ ಚೂರೂ ಇಟ್ಟೆ, ಸುಳ್ಳ್ಯಾಕ.
ಸೂಪರ್ ಮಾರ್ಕೆಟಿನ ಡಾಕ್ಟರ್ ಐದು ಸಾವಿರ ಅಂದ.
ಡೆಂಟಲ್ ಕಾಲೇಜಿಗಿ ಹೋಗು ಅಂದ್ಲು ಹೆಂಡತಿ.
ಅಲ್ಲಿ ಕಲಿಯೋ ಹುಡುಗರು ಮಾಡ್ತಾರಲ್ಲ, ಅಂದೆ.
'ನೀ ಕ್ಲೀನರ್ ಹುಡುಗನ ಕೈಯಾಗ
ಸ್ಟೇರಿಂಗ್ ಕೊಟ್ಟಿಲ್ಲೇನು?
ಕಲೀಲಿ ಬಿಡು.'

ಸಾಲಾಗಿ ಮೂವತ್ತು ಕುರ್ಚಿ,
ಮೂವತ್ತು ಬಾಯಿ ಮ್ಯಾಲ ಮೂವತ್ತು ದೀಪ.
ಫರಹತಾಬಾದಿನ ಮುದುಕಿ, ಶಹಾಬಾದಿನ ಕಲ್ಲು ಕಡಿಯಾಂವ,
ನಖಾಬ್ ಸರಿಸಿ ಕುಂತ ಒಬ್ಬ ಟೀಚರಬಾಯಿ.
ಎಲ್ಲರ ಬಾಯಾಗೂ ಒಂದೇ ಅಕ್ಷರ: ಆ.
ಎರಡನೇ ಅಕ್ಷರಕ್ಕೇ ನಿಂತ ಸಾಲಿ.

ನನ್ನ ಪಾಲಿಗೆ ಬಂದಾಕಿ ಕೇರಳದ ಹುಡುಗಿ, ಅನ್ಸು.
ಆಕಿ ಬಲ್ಲಿ ಕನ್ನಡ ಐದೇ ಮಾತು:
ತೆಗೀರಿ, ಮುಚ್ಚರಿ, ಉಗುಳರಿ, ನೋವಾ, ಆಯ್ತು.
ಬಾಯಿ ತೆರೆದ ನನ್ನ ಬಲ್ಲಿ ಒಂದೂ ಇಲ್ಲ.
ಲೆಕ್ಕದಾಗ ಆಕೀನೇ ಸಾವುಕಾರ್ತಿ.

ಕನ್ನಡಿ ಕಡ್ಡಿ ಒಳಗ ತಿರುವಿ
ಗೆಳತಿಗಿ ಬರೆಸಿದ್ಲು, 'ಫಾರ್ಟಿ ಸಿಕ್ಸ್'.
ಅಷ್ಟು ಇಂಗ್ಲಿಷ್ ನನಗ ಬರ್ತದ, ರೊಕ್ಕದ ಲೆಕ್ಕದ್ದು.
ಎದ್ದು ಕುಂತೆ. ಉಗುಳಿ ಕೇಳ್ದೆ:
ಯವ್ವಾ, ಮನುಷ್ಯಾಗ ಇರೋದೇ ಮೂವತ್ತೆರಡು,
ಅದರಾಗ ನನ್ನವು ನಾಲ್ಕು ಉದುರ್ಯಾವ,
ನಲವತ್ತಾರನೇದು ಎಲ್ಲಿ ಹತ್ತಿತು?
ಆಕಿ ಗಾಳ್ಯಾಗ ನನ್ನ ಬಾಯಿ ನಾಲ್ಕು ಹೋಳು ಮಾಡಿ
ಹೋಳಿಗೊಂದು ನಂಬರ್ ಇಟ್ಟು ತೋರಿಸಿದ್ಲು.
ತಿಳೀಲಿಲ್ಲ. ಹೋಗ್ಲಿ,
ಗಾಡಿ ತುಂಬಿದಂಗ ಬಾಯಾಗೂ
ಹದಿನಾಲ್ಕು ಮಂದಿ ಹೆಚ್ಚಿಗಿ ತುಂಬಿದ್ದೆನೇನೋ.

ಸೂಜಿಗಿಂತ ಮೊದಲು
ಆಕಿ ಕೈ ನಡುಕ ಬಂದು ತಾಗಿತು.
ಹಿಂದ ನಿಂತ ಸರ್ ಏನೂ ಅನ್ನಲಿಲ್ಲ,
ಉಸಿರು ಬಿಟ್ರು ಅಷ್ಟೇ. ಅದು ಬೈಗಳಕಿಂತ ಹೆಚ್ಚು.
ನಾ ಕುರ್ಚಿ ಕೈ ಮ್ಯಾಲ ಎರಡು ಸಲ ಬಡದೆ,
ಬಾಗಿಲ ತಗಡು ಬಡದು ಗಾಡಿ ಬಿಡಸ್ತೀನಲ್ಲ, ಹಂಗ:
ರೈಟ್, ಹೋಗ್ಲಿ.
ಹೋಯ್ತು ಸೂಜಿ.

ತುಟಿ ಮರಗಟ್ಟೋತನಕ ಕೂಡು ಅಂದ್ರು.
ಆ ಹೊತ್ತಿನಾಗ ಆಕಿಗಿ ಆರನೇ ಮಾತು ಕೊಟ್ಟೆ:
ಹೆದರಬ್ಯಾಡ್ರಿ.
ಏನು, ಏನು ಅಂತ ಮೂರು ಸಲ ಕೇಳಿ
ಚೀಟಿ ಹಿಂದ ತನ್ನ ದುಂಡು ಲಿಪಿದಾಗ ಬರಕೊಂಡ್ಲು.
ಮುತ್ತು ಪೋಣಿಸಿದಂಗ ಕಂಡಿತು ನಮ್ಮ ಮಾತು.

ಆಮ್ಯಾಲ ಯಂತ್ರದ ಕೊರೆತ, ಸುಟ್ಟ ಕೊಂಬಿನ ವಾಸನಿ.
ನಲವತ್ತಾರರಾಗ ಅರಳಿ ತುರುಕಿ ಮುಚ್ಚಿದ್ಲು.
ಆಯ್ತು, ಅಂದ್ಲು.
ಅಂದಾಕಿ ದೀಪ ಎಡಕ್ಕ ಹೊಳ್ಳಿಸಿದ್ಲು,
ಗಲ್ಲ ಬೆರಳಿಂದ ಎಳೆದು ಹಿಡಿದು
ಹಂಗೇ ನಿಂತ್ಲು.
ಐದು ಮಾತೂ ಖರ್ಚಾಗಿದ್ವು.

ಸರ್ ಬಂದ್ರು. ತಂಬಾಕು ಎಷ್ಟು ವರ್ಷ?
ಮೂರು ಬೆರಳು ಎತ್ತಿದೆ. ಮೂರಾ?
ಅಲ್ಲ, ಮೂವತ್ತು.
ಬಿಳಿ ಕಲೆ ಅದ, ಒಂದು ಚೂರು ತೆಗೆದು ನೋಡಬೇಕು,
ಮ್ಯಾಲಿನ ಅಂತಸ್ತು, ಬೇರೆ ಖೋಲಿ,
ಬೇರೆ ಚೀಟಿ.
ನಾ ಅನ್ಸು ಮಾರಿ ನೋಡಿದೆ.
ಮಾಸ್ಕಿನ ಮ್ಯಾಲ ಕಣ್ಣು ಎರಡೇ.
ಚೀಟಿ ಹೊಳ್ಳಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದ್ಲು:
ಹೆ-ದ-ರ-ಬ್ಯಾ-ಡ್ರಿ.
ಅಲ್ಲೀತನಕ ನಾ ಹೆದರಿದ್ದಿಲ್ಲ.

ಸಂಜಿಗಿ ನಾಕಾದಾಗ
ಅರ್ಧ ಬಾಯಿ ಇನ್ನೂ ಪರರ ಸ್ವತ್ತು.
ಆಳಂದ ಅನ್ನಲಿಕ್ಕೆ ಹೋದ್ರ
'ಆ' ಮುಂದಕ್ಕ ಹೋಗವಲ್ದು.
ಮಂದಿ ನಕ್ರು. ನಕ್ಕೋತನೇ ಹತ್ತಿದ್ರು.
ಜೇಬಿನಾಗ ಎರಡು ಚೀಟಿ:
ಒಂದು ಮಂಗಳವಾರದ್ದು, ಹಲ್ಲಿಂದು.
ಇನ್ನೊಂದು
ಇನ್ನಾ ಯಾರ ಕೈಲೂ ಓದಿಸಿಲ್ಲ.